ಓಣಿಯಲ್ಲಿ ನಿಂತ ದೇವರ ಎತ್ತುಗಳು

೧೨ ಫೆಬ್ರುವರಿ, ಬುಧವಾರ. ಸಂಜೆ

ಇವತ್ತೂ ಅಂಜನ್ ಚಳ್ಳಕೆರೆಯಿಂದ ಬೈಕಿನಲ್ಲಿ ಹಟ್ಟಿಯವರೆಗೆ ಬಿಟ್ಟುಹೋದ. ದಾರಿತುಂಬ ಹಂಪ್. ಎಷ್ಟು ಖುಷಿ — ಒಂದೊಂದು ಹಂಪೂ ಗಂಡನನ್ನು ಹಿಡಿದುಕೊಳ್ಳಲು ನೆಪ.

ನನ್ನ ಮ್ಯಾಪಿಂಗ್ ಪ್ರಾಜೆಕ್ಟ್ ಕೆಲಸ ಸೂಪರ್. ಹೆಂಗಸರು ಓಣಿಯಲ್ಲೇ ರಂಗೋಲಿ ಪುಡಿಯಲ್ಲಿ ದನ ಮೇಯುವ ಕಾವಲಿನ ಮ್ಯಾಪ್ ಬಿಡಿಸಿದರು. ಹುಲ್ಲಿಗೆ ಹಸಿರು, ನೀರಿನ ಕಟ್ಟೆಗೆ ನೀಲಿ. ಹೊಸ ಬೇಲಿ ಬರುವ ಕಡೆ ನಾನು ಕೆಂಪು ಗೆರೆ ಎಳೆದೆ. ಹಟ್ಟಿಯವರು ದೇವರಿಗೆಂದೇ ಬಿಟ್ಟ ದೇವರ ಎತ್ತುಗಳು ಕಟ್ಟೆಗೆ ಹೋಗುವ ದಾರಿ ಮಾತ್ರ ಯಾರೂ ಬಿಡಿಸಲಿಲ್ಲ. ಅದನ್ನು ಅವುಗಳನ್ನು ಕಾಯುವ ಕಿಲಾರಿ ಯತ್ತಪ್ಪನೇ ಹೇಳಬೇಕಂತೆ. ಆತ ಬರಲಿಲ್ಲ. ಬರುವ ಮಂಗಳವಾರ ಬೇಲಿ ಗುರುತು ಹಾಕಲು ಸರ್ವೆ ಸಾಹೇಬರು ಬರುವಷ್ಟರಲ್ಲಿ ಮ್ಯಾಪಿನಲ್ಲಿ ದಾರಿ ಕಾಣದಿದ್ದರೆ ಬೇಲಿ ಬೀಳುತ್ತದೆ, ಎತ್ತುಗಳಿಗೆ ನೀರು ತಪ್ಪುತ್ತದೆ.

ಕೊನೆಗೆ ಒಂದು ಕಲ್ಲಿಗೆ ಅರಿಶಿನ ಹಚ್ಚಿ ಮ್ಯಾಪಿನ ಮೇಲಿಟ್ಟೆ. "ಇವು ದೇವರ ಎತ್ತು, ಓಕೆನಾ?" ರಂಗೋಲಿ ಬಿಡಿಸುತ್ತಿದ್ದ ಪಾಲಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು. ಯಾಕೋ...

೧೬, ಭಾನುವಾರ

ಅವತ್ತಿನಿಂದ ಆ ಓಣಿಯಲ್ಲಿ ಯಾರೂ ಕಾಲಿಡುತ್ತಿಲ್ಲ. ಟ್ರಾಕ್ಟರು ಹಟ್ಟಿ ಸುತ್ತಿ ಹೋಗುತ್ತಿದೆ. ಗಾಳಿಗೆ ಅಳಿಸಿದ್ದನ್ನು ಹೆಂಗಸರು ಅಂಚಿನಲ್ಲಿ ಕೂತೇ ತಿದ್ದುತ್ತಾರೆ. ಕಲ್ಲು ತೆಗೆಯಲು ಹೋದೆ. ಅಂಜನ್‌ನ ಸೋದರತ್ತೆ ದೊಡ್ಡಕ್ಕ ಕೈ ಹಿಡಿದರು.

"ಬ್ಯಾಡ ಕಣವ್ವ. ದೇವ್ರ ಎತ್ತು ಅಂದ್ಬಿಟ್ಟೆ. ಕಿಲಾರಿನೇ ಬಂದು ಎಬ್ಬಿಸ್ಬೇಕು."

"ಅದು ಸುಮ್ನೆ ಸಿಂಬಲ್ ಅತ್ತೆ."

"ನಿನ್ ತಾಳೀನೂ ಸಿಂಬಲ್ಲೇ. ಬಿಚ್ಚಿ ಗೂಟಕ್ಕೆ ಹಾಕ್ತೀಯಾ?"

ಕೈ ಹಿಂದೆಗೆದುಕೊಂಡೆ. ಅಂಜನ್ ಮಾತ್ರ ಬಿದ್ದು ಬಿದ್ದು ನಕ್ಕ. ಕೋತಿ.

೧೭, ಸೋಮವಾರ. ಮಧ್ಯಾಹ್ನ

ಯತ್ತಪ್ಪ ಬಂದರು.

"ನಿಮ್ ನಕಾಸೆಗೆ ನಾನು ಬರಾಕಿಲ್ಲ ಅಂದಿದ್ದೆ. ಎತ್ತು ನಿಂತವೆ ಅಂದ್ರು, ಬಂದೆ. ಇಷ್ಟು ದಿನ ನೀರು ಕಾಣಿಸ್ದೆ ನಿಲ್ಸಿದೀಯಲ್ಲವ್ವ."

ಸಾರಿ ಎಂದೆ. ಕಲ್ಲಿಗೋ, ಅವರಿಗೋ.

ಕುಕ್ಕರಗಾಲಲ್ಲಿ ಕೂತು, ಹೋ ಹೋ ಎನ್ನುತ್ತ ಕಲ್ಲನ್ನು ಮೆಲ್ಲಗೆ ಸರಿಸತೊಡಗಿದರು. ಹಿಂದೆಯೇ ಪಾಲಮ್ಮ ಬಿಳಿ ಪುಡಿ ಬಿಟ್ಟಳು. ದಿಬ್ಬ ಬಳಸಿ, ಹಳ್ಳ ಇಳಿದು... ದಾರಿ. ನಮಗೆ ಬೇಕಾದ ದಾರಿ. ಕುಣಿಯಬೇಕೆನಿಸಿತು. ಕೆಂಪು ಗೆರೆಯ ಹತ್ತಿರ ಅವರ ಕೈ ನಿಂತಿತು.

"ಇದೇನು?"

"ಬೇಲಿ ತಾತ. ಇನ್ನೂ ಹಾಕಿಲ್ಲ. ದಾಟಿಸಿ ಪ್ಲೀಸ್."

"ಬೇಲಿ ಮ್ಯಾಲೆ ಎತ್ತು ಹೆಂಗೆ ದಾಟಿಸ್ಲಿ? ಹಾಕೋರು ಬಂದು ತೆಗೀಲಿ."

ಕಲ್ಲು ಅಲ್ಲೇ. ಎದ್ದು ಹೋದರು.

೧೮, ಮಂಗಳವಾರ. ಬೆಳಿಗ್ಗೆ

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಯತ್ತಪ್ಪ ಪಕ್ಕದಲ್ಲೇ ಇದ್ದಾರೆ. ಜೀಪು ಓಣಿಯ ಬಾಯಿಗೆ ಬಂತು. ಹಾರ್ನ್.

"ಎತ್ತು ಅಡ್ಡ ಅವೆ ಸಾರ್," ಎಂದಳು ಪಾಲಮ್ಮ.

ಸರ್ವೆ ಸಾಹೇಬರು ಇಳಿದು ಎತ್ತು ಹುಡುಕಿದರು. ನಗು ತಡೆಯಲಾರೆ. ಕಲ್ಲು ಕಂಡಿತು. ಹಿಂದೆ ಬಿಳಿ ದಾರಿ, ಮುಂದೆ ಕೆಂಪು ಗೆರೆ, ಅದರಾಚೆ ನೀಲಿ. ಕಲ್ಲಿನಿಂದ ನೀಲಿಯವರೆಗೆ ಕಣ್ಣಾಡಿಸಿದರು.

ಬೂಟು ಬಿಚ್ಚುತ್ತಿದ್ದಾರೆ. ಎರಡೂ. ಕೆಂಪು ಗೆರೆಯ ಮುಂದೆ ಕೂತರು, ಅಳಿಸಲು ಅಂಗೈ ಚಾಚಿ —