ತಾನಾಗಿ ಓಡಿದ ಗಾಡಿ

ಅಡಾಜಣ್, ಸೂರತ್
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಯಜಮಾನರಿಗೆ ನಿಮ್ಮ ಕಾಮಾಕ್ಷಿಯ ನಮಸ್ಕಾರ.

ಹೇಗಿದ್ದೀರಿ? ಬಿ.ಪಿ. ಮಾತ್ರೆಯ ಡಬ್ಬಿಯನ್ನು ಫ್ರಿಜ್ಜಿನ ಮೇಲೇ ಬಿಟ್ಟು ಹೋಗಿದ್ದೀರಿ. ಹೊರಗಡೆ ಸಿಕ್ಕಿದ್ದನ್ನು ತಿಂದರೆ ನಿಮ್ಮ ಹೊಟ್ಟೆ ಏನಾಗುತ್ತದೆ ಎಂದು ನನಗೆ ಗೊತ್ತು, ನೀವಿರುವ ಮನೆಯವರಿಗೂ ಇಷ್ಟರಲ್ಲಿ ಗೊತ್ತಾಗಿರಬೇಕು. ಫೋನ್ ಆರಿಸಿಟ್ಟು ಕೂತ ಮನುಷ್ಯನ ಕ್ಷೇಮ ವಿಚಾರಿಸಬೇಕಾದರೆ ಕಾಗದವೇ ಗತಿ. ಬರೆದು ವರ್ಷಗಳಾದವು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ. ಅರ್ಚಿತಾ ಕಾಲೇಜಿಗೆ ಹೋಗುತ್ತಿದ್ದಾಳೆ, ಊಟ ಮಾತ್ರ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ನನ್ನ ಅಡುಗೆ ವ್ಯಾಪಾರ ನಿಂತಿಲ್ಲ. ಎಡಗೈಗೆ ಬ್ಯಾಂಡೇಜ್ ಇರುವುದರಿಂದ ಚಪಾತಿ ಲಟ್ಟಿಸುವುದು ಬಿಟ್ಟು ಅನ್ನದ ಆರ್ಡರ್‌ಗಳನ್ನೇ ಹಿಡಿಯುತ್ತಿದ್ದೇನೆ. ಬ್ಯಾಂಡೇಜ್ ಯಾಕೆ ಎಂಬುದು ಮುಂದೆ ಬರುತ್ತದೆ.

ಆ ಭಾನುವಾರ ನೀವೂ ಅಲ್ಲೇ ಇದ್ದಿರಿ. ಆದರೂ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೀವು ಎಲ್ಲರಿಗೂ ಒಪ್ಪಿಸಿ ಹೋದ ಕಥೆಗೂ ನನ್ನ ಕಣ್ಣಿಗೂ ತಾಳೆ ಬೀಳುತ್ತಿಲ್ಲ. ದೀಪಾವಳಿ ರಜೆಗೆ ಪಾಂಡೇಸರಾದ ಬಣ್ಣದ ಮಿಲ್ಲುಗಳೆಲ್ಲ ಬಾಗಿಲು ಹಾಕಿದ್ದವು. ನಿಮ್ಮ ಬಳಗದವರು ಒಂದು ಮಿಲ್ಲಿನ ಅಂಗಳದಲ್ಲಿ ಹಳೆ ಟೈರು ಜೋಡಿಸಿ ರಿಮೋಟ್ ಕಾರುಗಳ ರೇಸು ಇಟ್ಟಿದ್ದರು. ನಾನು ಉಪ್ಪಿಟ್ಟಿನ ಪಾತ್ರೆ, ಕಾಫಿ ಫ್ಲಾಸ್ಕು ಇಟ್ಟುಕೊಂಡು ನೆರಳಲ್ಲಿ ಕೂತಿದ್ದೆ. ನಿಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ: ತನ್ನ ರೇಸು ಮುಗಿಸಿದವನು ಮುಂದಿನ ರೇಸಿನಲ್ಲಿ ಅಂಕಣದೊಳಗೆ ನಿಂತು, ಮಗುಚಿಬಿದ್ದ ಬೇರೆಯವರ ಗಾಡಿ ಎತ್ತಿ ನಿಲ್ಲಿಸಬೇಕು. ಅವನ ಕೈ ಗಾಡಿಯ ಮೇಲಿರುವಷ್ಟು ಹೊತ್ತು ಓಡಿಸುವವನು ಟ್ರಿಗರ್ ಮುಟ್ಟಬಾರದು. ಇದನ್ನು ನೀವೇ ನನಗೆ ನೂರು ಸಲ ಹೇಳಿದ್ದೀರಿ, ದೇವರ ಮನೆಯ ಮಡಿಯ ಹಾಗೆ.

ನಿಮ್ಮ ರೇಸಿನ ಹೊತ್ತು ತಿರುವಿನಲ್ಲಿ ಹಾಗೆ ನಿಂತಿದ್ದವನು ಮಂಥನ್. ಸೀರೆ ವ್ಯಾಪಾರಿಗಳ ಮನೆಯ ಕೊನೆಯ ಮಗ, ಎರಡು ವರ್ಷದಿಂದ ನಿಮ್ಮನ್ನು ಸೋಲಿಸಿಕೊಂಡೇ ಬಂದವನು, ಬಾಯಿ ಸ್ವಲ್ಪ ಜಾಸ್ತಿ. ನಿಮ್ಮ ದೊಡ್ಡ ಪೆಟ್ರೋಲ್ ಗಾಡಿ ಮೊದಲ ಸ್ಥಾನದಲ್ಲಿದ್ದಾಗಲೇ ಟೈರಿಗೆ ತಾಗಿ ಮಗುಚಿತು. ಅವನು ಸೊಂಟಕ್ಕೆ ಕೈ ಕೊಟ್ಟುಕೊಂಡು, ಮದುವೆ ಮನೆಗೆ ಬಂದವನ ಹಾಗೆ ನಿಧಾನವಾಗಿ ನಡೆದು ಬಂದ. ಉಳಿದವರ ಗಾಡಿಗಳು ಒಂದೊಂದಾಗಿ ಮುಂದೆ ಹೋದವು. ಎತ್ತಿದವನು ಮೂತಿ ತನ್ನ ಕಡೆಗಿರುವಂತೆ ಉಲ್ಟಾ ನಿಲ್ಲಿಸಿದ. ಆಮೇಲೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮೂತಿ ತಟ್ಟುತ್ತಾ, ಇಡೀ ಅಂಗಳಕ್ಕೆ ಕೇಳುವ ಹಾಗೆ "ಅರೆ ಅಂಕಲ್, ಇಸ್‌ಮೇಂ ಪೆಟ್ರೋಲ್ ಡಾಲಾ ಹೈ ಕಿ ಸಾಂಬಾರ್?" ಎಂದ. ಜನ ನಕ್ಕರು. ನಿಜ ಹೇಳಬೇಕೆಂದರೆ ನನಗೂ ತುಟಿಯಂಚಿನಲ್ಲಿ ನಗು ಬಂತು. ಅಷ್ಟರಲ್ಲಿ ಗಾಡಿ ಚೀರಿತು. ಅವನ ತೊಡೆ ಹತ್ತಿ ಮುಖಕ್ಕೇ ನುಗ್ಗಿತು. ಅವನು ಉರುಳಿಬಿದ್ದ ಮೇಲೂ ಆ ಮುಳ್ಳಿನ ಚಕ್ರಗಳು ಅವನ ದವಡೆಯ ಮೇಲೆ ಸುತ್ತುತ್ತಲೇ ಇದ್ದವು. ಹಲ್ಲು ಕಾಂಕ್ರೀಟಿನ ಮೇಲೆ ಉದುರಿದ ಸದ್ದು ಇಂಜಿನ್ನಿನ ಸದ್ದಿನ ನಡುವೆಯೂ ಕೇಳಿತು ಎಂದರೆ ನೀವು ನಂಬುವುದಿಲ್ಲ. ಆಮೇಲೆ ನೀವು ರಿಮೋಟ್ ಎತ್ತಿ ಹಿಡಿದು ಕೂಗಿದಿರಿ: "ಸಿಗ್ನಲ್ ಹೋಯ್ತು, ಗಾಡಿ ತಾನಾಗೇ ಓಡ್ತು. ಭುವನ್ ರಿಸೀವರ್ ಹಾಕಿದ್ದು, ಸಿಗ್ನಲ್ ಹೋದ್ರೆ ಗಾಡಿ ನಿಲ್ಸೋ ಫೇಲ್‌ಸೇಫ್ ಸೆಟ್ ಮಾಡಿಲ್ಲ ಅವನು."

ಎಷ್ಟು ಚುರುಕು ಬುದ್ಧಿ ರೀ ನಿಮ್ಮದು. ನನ್ನ ವ್ಯಾಪಾರದಲ್ಲಿ ಇದರ ಕಾಲುಭಾಗ ಸೇರಿದ್ದರೆ ನಾವಿವತ್ತು ಮೂರು ಊರಲ್ಲಿ ಅಡುಗೆ ಮನೆ ಇಡುತ್ತಿದ್ದೆವು.

ಮಂಥನ್‌ನನ್ನು ಆಸ್ಪತ್ರೆಗೆ ಒಯ್ದರು. ಆಫೀಸಿನ ಟೂರ್ ಎಂದು ನೀವು ಚೀಲ ಹಿಡಿದು ಹೊರಟಿರಿ. ಮಾರನೇ ದಿನ ಅವನ ಇಬ್ಬರು ಅಣ್ಣಂದಿರು ಭುವನ್‌ನ ಬಾಡಿಗೆ ರೂಮಿಗೆ ಹೋದರು. ಹಾಸನದಿಂದ ಬಂದು ಇಲ್ಲಿ ಒಬ್ಬನೇ ಇರುವ ಹುಡುಗ. ಭಾನುವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಮುದ್ದೆ ಉಂಡು, ಅದಕ್ಕೆ ಬದಲಾಗಿ ನಿಮ್ಮ ಗಾಡಿಗಳ ಬೆಸುಗೆ ಕೆಲಸ ಮಾಡಿಕೊಡುತ್ತಿದ್ದವನು. ಒಬ್ಬ ಅವನ ಎದೆಯ ಮೇಲೆ ಕೂತನಂತೆ, ಇನ್ನೊಬ್ಬ ಬಲಗೈಯನ್ನು ಹೊಸ್ತಿಲ ಮೇಲೆ ಚಾಚಿಸಿ ಜಾಕಿಯ ರಾಡಿನಲ್ಲಿ ಬೆರಳುಗಳನ್ನು ಒಂದೊಂದೇ ಜಜ್ಜಿದನಂತೆ. ಎದುರು ಮನೆಯವರು ಟಿವಿಯ ಸದ್ದು ಏರಿಸಿದರು ಅಷ್ಟೇ. ನಾನು ಆಸ್ಪತ್ರೆಗೆ ಗಂಜಿ ಒಯ್ದಾಗ ಅವನು ಅಳಲಿಲ್ಲ, ಬೈಯಲೂ ಇಲ್ಲ. "ಆಂಟಿ, ನಾನು ಸೆಟ್ ಮಾಡಿದ್ದೆ ಆಂಟಿ. ಅಂಕಲ್ ಮುಂದೇನೇ ಎರಡು ಸಲ ಚೆಕ್ ಮಾಡಿ ತೋರಿಸಿದ್ದೆ" ಎಂದು ಅದನ್ನೇ ಹೇಳಿದ. ಮಂಥನ್ ಮನೆಯವರು ಕೊಟ್ಟ ದೂರಿನಲ್ಲೂ ಅವನದೇ ಹೆಸರು ಸೇರಿದೆ. ಬೆರಳು ಮುರಿಸಿಕೊಂಡವನೇ ಆರೋಪಿ.

ಭುವನ್‌ನ ರೂಮಿನಿಂದ ಅಣ್ಣಂದಿರು ಸೀದಾ ನಮ್ಮ ಮನೆಗೂ ಬಂದರು, ಗಾಡಿ ನಿಮ್ಮದಲ್ಲವೇ. ನಾನು ಬೋಂಡಾಕ್ಕೆ ಎಣ್ಣೆ ಇಟ್ಟಿದ್ದೆ. ಬಾಗಿಲು ತೆಗೆದವಳು ಅರ್ಚಿತಾ. "ಕಹಾಂ ಹೈ ತೇರಾ ಬಾಪ್" ಎಂದವನೇ ದೊಡ್ಡವನು ಅವಳ ಜಡೆ ಹಿಡಿದು ಗೋಡೆಗೆ ಬಡಿದ. ಅವಳ ಹುಬ್ಬು ಹರಿಯಿತು. ಚಿಕ್ಕವನು ನಿಮ್ಮ ಶೋಕೇಸಿಗೆ ರಾಡು ಬೀಸಿದ. ನೀವು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಹೊಳಪು ತಂದ ಗಾಡಿಗಳೆಲ್ಲ ಕಡಲೆಪುರಿಯ ಹಾಗೆ ಪುಡಿಯಾದವು. ರಾಡಿನ ತುದಿ ಬ್ಯಾಟರಿಗಳ ಗುಡ್ಡೆಗೆ ಚುಚ್ಚಿತು ನೋಡಿ, ಒಂದು ಉಬ್ಬಿ, ಬುಸ್ ಎಂದು ಬೆಂಕಿ ಕಾರಿತು. ಅದರ ಪಕ್ಕದ್ದಕ್ಕೂ ಹತ್ತಿಕೊಂಡಿತು. ಅವನ ತೋಳಿಗೆ ಬೆಂಕಿ ತಗಲಿ, ಚರ್ಮ ಸುಟ್ಟ ವಾಸನೆ ಮನೆಯಲ್ಲೆಲ್ಲ ತುಂಬಿತು. ದೊಡ್ಡವನು ಮಗಳನ್ನು ಬಿಡಲೊಲ್ಲ. ನಾನು ಜಾಲರಿ ಸೌಟು ಹಿಡಿದಲ್ಲ, ಬಾಣಲೆ ಸಮೇತ ಬಂದೆ. ಒಂದಿಷ್ಟು ಎಣ್ಣೆ ಅವನ ಬೆನ್ನಿಗೆ, ಒಂದಿಷ್ಟು ನನ್ನ ಕೈಗೆ. ಲೆಕ್ಕದಲ್ಲಿ ಅವನಿಗೇ ಜಾಸ್ತಿ ಬಿತ್ತು, ಅಷ್ಟು ಸಮಾಧಾನ. ಕಿರುಚುತ್ತಾ ಇಬ್ಬರೂ ಮೆಟ್ಟಿಲಿಳಿದರು. ಉಪ್ಪಿನಕಾಯಿಗೆಂದು ತಂದಿಟ್ಟ ಉಪ್ಪಿನ ಮೂಟೆಯನ್ನು ನಾನೂ ಮಗಳೂ ಬೆಂಕಿಯ ಮೇಲೆ ಸುರಿದೆವು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಳ್ಳುವಾಗ ಅವಳು ನನ್ನನ್ನೇ ನೋಡುತ್ತಾ "ಮಮ್ಮಾ, ಪಪ್ಪಾ ಬೇಕಂತಾ ಮಾಡಿದ್ದಾ? ಸಚ್ ಬತಾ" ಎಂದು ಕೇಳಿದಳು. 

ಉತ್ತರ ನಮ್ಮ ವ್ಯಾನಿನಲ್ಲಿತ್ತು. ಪಾತ್ರೆಗಳ ಜೊತೆ ಆ ಪೆಟ್ರೋಲ್ ಗಾಡಿಯನ್ನು ನಾನೇ ಹಾಕಿಕೊಂಡು ಬಂದಿದ್ದೆ, ರಿಮೋಟೂ ಅದರ ಚೀಲದಲ್ಲೇ ಇತ್ತು. ಹಲ್ಲು ಸಿಕ್ಕಿಕೊಂಡಿದ್ದ ಚಕ್ರವನ್ನು ತೊಳೆಯಲಿಲ್ಲ. ವಿಚಾರಣೆಗೆ ಬಂದ ಇನ್‌ಸ್ಪೆಕ್ಟರನ್ನೇ ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಮೊದಲು ರಿಮೋಟ್, ಆಮೇಲೆ ಗಾಡಿ, ನೀವು ಕಲಿಸಿದ ಹಾಗೇ ಸ್ವಿಚ್ ಹಾಕಿದೆ. ಹಗ್ಗ ಎಳೆದು ಇಂಜಿನ್ ಎಬ್ಬಿಸಿದೆ. ನಿಮ್ಮ ರೇಸಿನ ದಿನಗಳಲ್ಲೆಲ್ಲ ಆ ಹಗ್ಗ ಎಳೆದವಳು ನಾನೇ ತಾನೆ. ಟ್ರಿಗರ್ ಪೂರ್ತಿ ಒತ್ತಿ, ಚಕ್ರಗಳು ಕಾಣದಷ್ಟು ಜೋರಾಗಿ ತಿರುಗುವಾಗ ರಿಮೋಟ್ ಆರಿಸಿಬಿಟ್ಟೆ. ಚಕ್ರಗಳು ಕಚ್ಚಿ ಹಿಡಿದ ಹಾಗೆ ನಿಂತವು. ಸಿಗ್ನಲ್ ಹೋದರೆ ಗಾಡಿ ಬ್ರೇಕ್ ಹಾಕಿಕೊಳ್ಳುವಂತೆ ಆ ಹುಡುಗ ಸರಿಯಾಗಿಯೇ ಹೊಂದಿಸಿದ್ದ. ಇನ್‌ಸ್ಪೆಕ್ಟರ್ ಮತ್ತೆ ಮತ್ತೆ ಮಾಡಿಸಿ ನೋಡಿದರು, ಪ್ರತಿಸಲವೂ ಹಾಗೇ ಆಯಿತು. ಆಗ ನನಗೆ ಆ ಗಳಿಗೆ ಮತ್ತೆ ಕಣ್ಣ ಮುಂದೆ ಬಂತು. ಮಂಥನ್ ಬಿದ್ದು ಒದ್ದಾಡುವಾಗ ನಿಮ್ಮ ರಿಮೋಟಿನ ಹಸಿರು ದೀಪ ಉರಿಯುತ್ತಲೇ ಇತ್ತು. ನೀವು ಅದನ್ನು ಆರಿಸಿದ್ದು ಆಮೇಲೆ. ಅದನ್ನೂ ಹೇಳಿಕೆಯಲ್ಲಿ ಬರೆಸಿ, ಕೆಳಗೆ ಸಹಿ ಹಾಕಿದ್ದೇನೆ.

ಕೋಪ ಬರುತ್ತದೆ, ಗೊತ್ತು. ಮಂಥನ್‌ನ ಮಾತು ಕೇಳಿ ಕೇಳಿ ನಿಮ್ಮೊಳಗೆ ಎಷ್ಟು ಸೇರಿತ್ತೋ ಯಾರಿಗೆ ಗೊತ್ತು. ಒಂದು ಕೆನ್ನೆಗೆ ಬಾರಿಸಿದ್ದರೆ ನಾನೇ ಬಂದು ಬಿಡಿಸಿ, ಇಬ್ಬರಿಗೂ ಕಾಫಿ ಕೊಡುತ್ತಿದ್ದೆ. ಈಗ ಅವನ ದವಡೆಗೆ ತಂತಿ ಕಟ್ಟಿದ್ದಾರೆ, ಬಲಗಣ್ಣು ತೆಗೆದಾಗಿದೆ. ಭುವನ್‌ನ ಎರಡು ಬೆರಳು ಇನ್ನು ಮಡಿಚುವುದಿಲ್ಲವಂತೆ. ನೀವು ಬಾಯಿಬಿಟ್ಟು ಹೇಳಿದರೆ ಅವನ ಹೆಸರು ದೂರಿನಿಂದ ಹೋಗುತ್ತದೆ, ಇಲ್ಲದಿದ್ದರೆ ಎಳೆದಾಡುತ್ತಾರೆ. ಹೇಳಿ. ನಿಮ್ಮನ್ನು ಬಿಡಿಸಿಕೊಳ್ಳುವ ವಕೀಲರನ್ನು ನಾನೇ ನೋಡುತ್ತೇನೆ, ಊಟದ ಡಬ್ಬಿಯೂ ನನ್ನದೇ. ಅಷ್ಟರ ಮಟ್ಟಿಗೆ ನಾನು ನಿಮ್ಮವಳೇ.

ಮನೆದೇವರು ನಿಮಗೆ ಧೈರ್ಯ ಕೊಡಲಿ. ಅರ್ಚಿತಾ ಏನೂ ಹೇಳಿಕಳಿಸಿಲ್ಲ.

ಇಂತಿ ನಿಮ್ಮ,
ಕಾಮಾಕ್ಷಿ

ತಾ.ಕ.: ನಿಮ್ಮ ವಿಳಾಸ ಹೇಗೆ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಅಹಮದಾಬಾದಿನ ಬಿಡಿಭಾಗದ ಅಂಗಡಿಯವನು ನಿನ್ನೆ ಫೋನ್ ಮಾಡಿ "ಭಾಭೀ, ಸುಧನ್ವಭಾಯ್ ಕಾ ಪಾರ್ಸಲ್ ಇಸ್ ಬಾರ್ ವಡೋದರಾ ಭೇಜನಾ ಹೈ ನಾ, ಮಕರಪುರಾ?" ಎಂದು ನಿಮ್ಮ ಪಾರ್ಸಲ್ ಕಳಿಸಬೇಕಾದ ವಡೋದರಾ ವಿಳಾಸ ಖಾತ್ರಿ ಮಾಡಿಕೊಂಡ. ಎಡಗಡೆಯ ಮುಂದಿನ ಚಕ್ರ ಹಿಡಿಯುವ ಆರ್ಮ್ ಬೇಕೆಂದು ಹೇಳಿದ್ದಿರಂತೆ. ಒಬ್ಬನ ದವಡೆ ಜೋತಾಡುತ್ತಿರುವಾಗ ಗಾಡಿಯ ಆರ್ಮ್ ಬಾಗಿದ್ದು ನಿಮ್ಮ ಕಣ್ಣಿಗೆ ಬಿದ್ದಿತ್ತು. ಆ ಅಂಗಡಿ ಮಂಥನ್‌ನ ಅಣ್ಣಂದಿರಿಗೂ ಗೊತ್ತು, ಇವತ್ತಲ್ಲ ನಾಳೆ ಅವರೂ ಅಲ್ಲಿ ಕೇಳುತ್ತಾರೆ. ಅವರಿಗಿಂತ ಪೊಲೀಸರು ಮೊದಲು ಬರಲಿ ಎಂದು ನಾನೇ ಇನ್‌ಸ್ಪೆಕ್ಟರಿಗೆ ವಿಳಾಸ ಕೊಟ್ಟೆ. ಪಾರ್ಸಲ್ ಜೊತೆ ಈ ಕಾಗದ ಕೈಗಿಟ್ಟವರು ಕೊರಿಯರ್‌ನವರಲ್ಲ. ಓದಿ ಮುಗಿಸುವವರೆಗೆ ನಿಮ್ಮನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಹಿಂದಿನ ಕಿಟಕಿಯ ಕೆಳಗೂ ಒಬ್ಬರು ನಿಂತಿದ್ದಾರೆ, ಹಾರಲು ಹೋಗಬೇಡಿ, ಮಂಡಿ ನೋವಿದೆ ನಿಮಗೆ. ಚಪ್ಪಲಿ ಮೆಟ್ಟಿಕೊಂಡು ಹೊರಡಿ.