ಆಮ್ಲೆಟ್ಟಿನ ಅಂಚು

ಗೆಳೆಯಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಗಾಗಿ ನೀನು ಬಿಗುಮಾನ ಬಿಡಬೇಕಾಗಿಲ್ಲ.

ಗಿರಾಕಿಯ ಅಂಗಿಗೆ ಆ ಕಾಲರನ್ನು ಉಲ್ಟಾ ಹೊಲಿದವರು ಯಾರೆಂಬ ಜಗಳದಲ್ಲಿ ನೀನು ನಮ್ಮ ಟೈಲರ್ ಅಂಗಡಿ ಬಿಟ್ಟು ಎರಡು ವರ್ಷವಾಯಿತು. ಅಲ್ಲಿಂದೀಚೆ ಇವತ್ತೇ ಮೊದಲ ಸಲ, ನಾವಿಬ್ಬರೂ ದಿನಾ ಹೋಗುತ್ತಿದ್ದ ಆಮ್ಲೆಟ್ ಅಂಗಡಿಗೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಅಂಗಡಿಯ ಅಕ್ಕ ಒಂದು ಆಮ್ಲೆಟ್, ಎರಡು ಚಮಚ ತಂದಿಟ್ಟಳು.

“ಅವ್ರೆಲ್ಲಿ?”

“ಕೈ ತೊಳೆಯೋಕೆ ಹೋಗಿದ್ದಾನೆ ಅಕ್ಕಾ,” ಎಂದುಬಿಟ್ಟೆ. ಜಗಳದ ಕಥೆ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ಗರಿಗರಿ ಅಂಚು ನಿನಗೆ, ಮೆತ್ತನೆಯ ನಡು ನನಗೆ ಎಂಬ ಹಳೆಯ ಒಪ್ಪಂದದಂತೆ ನಡುವನ್ನಷ್ಟೇ ತಿಂದೆ. ಮಧ್ಯಾಹ್ನದ ನೂಕುನುಗ್ಗಲು ಬೇರೆ. ನಿನ್ನ ಸ್ಟೂಲಿನತ್ತ ಯಾರು ಬಂದರೂ ಅಕ್ಕ ಸಟ್ಟುಗ ಎತ್ತಿ ಗದರುತ್ತಿದ್ದಳು: “ಅಲ್ಲಿ ಜನ ಇದ್ದಾರೆ, ಕಣ್ಣು ಕಾಣಲ್ವಾ?”

ನಿಂತೇ ತಿನ್ನುತ್ತಿದ್ದ ಲಾರಿ ಡ್ರೈವರ್ ಕೊನೆಗೆ ತಡೆಯಲಾರದೆ ಕೇಳಿದ: “ಅಲ್ಲಾ ರೀ, ಅವ್ರಿಗೆ ಎಷ್ಟು ಕೈ ಇವೆ?”

ಮರ್ಯಾದೆ ಉಳಿಸಿಕೊಳ್ಳಲು ಎದ್ದು ನಲ್ಲಿಯ ಹತ್ತಿರ ಹೋಗಿ, ನಿನ್ನ ಹೆಸರು ಹಿಡಿದು ಕೂಗಿದೆ. ಕೂಗಿದ ಮೇಲೆ ಯಾಕೋ ಒಂದು ಗಳಿಗೆ ಅಲ್ಲೇ ಕಾದೆ.

ವಾಪಸ್ ಬಂದರೆ ಅಕ್ಕ ಉಳಿದ ಅಂಚನ್ನು ಕಾಗದದಲ್ಲಿ ಕಟ್ಟುತ್ತಿದ್ದಳು.

“ಹೋದ ವಾರ ಅವ್ರೂ ಬಂದಿದ್ರು,” ಎಂದಳು. “ನೀವು ಕೈ ತೊಳೆಯೋಕೆ ಹೋಗಿದ್ದೀರಿ ಅಂದ್ರು. ನಡುವಿನದ್ದು ಮುಟ್ಟದೆ ಎದ್ದು ಹೋದ್ರು.”

ಕಾಲರ್ ಹೊಲಿದವರು ಯಾರೆಂದು ಇಲ್ಲೂ ಬರೆಯಲು ಕೈ ಬರುತ್ತಿಲ್ಲ. ಪೊಟ್ಟಣ ನನ್ನ ಮೇಜಿನ ಮೇಲಿದೆ. ನಿನ್ನ ಅಂಚು ಮೆತ್ತಗಾಗುತ್ತಿದೆ, ಮಾರಾಯಾ.