ಇವಳೇ, ಇವರೇ

ಮನೆಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊಸ ಕೆಲಸದ ಗಡಿಬಿಡಿಯಲ್ಲೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ.

ನಿಮ್ಮಪ್ಪನ ಸ್ಕ್ಯಾನ್ ಆಯಿತು. ಗಡ್ಡೆ ಮರುಕಳಿಸಿಲ್ಲ. ಡಾಕ್ಟರ್ ಅಷ್ಟು ಹೇಳಿದ್ದೇ ತಡ, ನಾನು ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟಿದ್ದೆ. ಕೂತ್ಕೊಳ್ಳಿ ಅಂದರು. ಅಂದು ತಲೆಗೂ ಬೆನ್ನುಹುರಿಗೂ ಕೊಟ್ಟ ವಿಕಿರಣ ಗಡ್ಡೆಯನ್ನು ಸುಟ್ಟಿತು, ನಿಜ; ಪಕ್ಕದ ಒಳ್ಳೆಯ ನರಗಳಿಗೂ ಅದರ ಕಾವು ತಾಗಿತ್ತಂತೆ. ಆಗ ಗೊತ್ತಾಗುವುದಿಲ್ಲ, ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ. ನರದ ಮೇಲಿನ ಹೊದಿಕೆ ಸವೆಯುತ್ತ ಹೋಗುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಎಡಗಾಲು ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ನಿಲ್ಲದಿರುವುದು ಅದರಿಂದಲೇ. ಹೊಲಿಯುತ್ತಿದ್ದಂತೆ ಬಗ್ಗಿ, ಕಾಲು ಎಲ್ಲಿ ಹೋಯಿತೆಂದು ಹುಡುಕುತ್ತಾರೆ. "ಇದಕ್ಕೂ ಒಂದು ಗುಂಡಿ ಹಾಕ್ಬೇಕು ನೋಡು" ಅಂತ ನಗುತ್ತಾರೆ.

ಮರೆವೂ ಅದರಿಂದಲೇ. ಡಾಕ್ಟರ್ ನನ್ನನ್ನು ತೋರಿಸಿ, "ಇವ್ರ ಹೆಸರೇನು?" ಎಂದರು. "ಇವಳೇ" ಅಂದರು ನಿಮ್ಮಪ್ಪ. ಡಾಕ್ಟರ್ ತಪ್ಪು ಉತ್ತರವೆಂದು ಬರೆದುಕೊಂಡರು. ಮದುವೆಯಾದಂದಿನಿಂದ ಅವರ ಬಾಯಲ್ಲಿ ನನಗಿರುವ ಹೆಸರು ಅದೊಂದೇ, ಉತ್ತರ ಸರಿಯಾಗಿದೆ ಎಂದು ನಾನು ಜಗಳಕ್ಕೇ ನಿಂತೆ. ಡಾಕ್ಟರ್ ನಕ್ಕು, ಬರೆದದ್ದನ್ನು ಹೊಡೆದುಹಾಕಿದರು.

ಆದರೆ ಗುರುವಾರ ಚಹಾ ಕೊಡಲು ಹೋದಾಗ, ಕತ್ತರಿ ಕೆಳಗಿಟ್ಟು, "ಇವ್ರೇ, ನಿಮ್ಮ ಕೋಟು ಇನ್ನೂ ಆಗಿಲ್ಲ, ಬೇಜಾರ್ ಮಾಡ್ಕೋಬೇಡಿ" ಅಂದರು. ಎಷ್ಟು ಮರ್ಯಾದೆ! ಇಷ್ಟು ವರ್ಷ ಏಕವಚನದಲ್ಲಿ ಬೈಸಿಕೊಂಡವಳಿಗೆ ಈ ಬಹುವಚನವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಪರವಾಗಿಲ್ಲ, ನಿಧಾನವಾಗಿ ಕೊಡಿ" ಅಂದೆ. ಅಡುಗೆಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ನಿಂತೆ. ಮರುದಿನ ಮತ್ತೆ ಇವಳೇ ಆದೆ, ಸಂಜೆಗೆ ಮತ್ತೆ ಇವರೇ. ಈ ಎರಡು ದಿನದಿಂದ ಇವರೇ ಹೆಚ್ಚು.

ಆ ಚಿಕಿತ್ಸೆ ಬೇಕೇಬೇಕೆಂದು ಹಟ ಹಿಡಿದವಳು ನೀನು. ಇದನ್ನು ಓದಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅದಿಲ್ಲದಿದ್ದರೆ ನಿನ್ನ ಮದುವೆಯ ಬಟ್ಟೆಯನ್ನು ಇನ್ಯಾರೋ ಹೊಲಿಯಬೇಕಾಗುತ್ತಿತ್ತು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ನಿನ್ನೆ ನಿನ್ನ ಫೋಟೊ ಹಿಡಿದುಕೊಂಡು, "ಈ ಬಾಯ್ಬಡ್ಕಿ ಯಾವಾಗ ಬರ್ತಾಳೆ?" ಎಂದು ಕೇಳಿದರು. ಬರ್ತಾರೆ ಅನ್ನಲಿಲ್ಲ, ಬರ್ತಾಳೆ ಅಂದರು. ರಜೆ ಸಿಗಲಿ ಎಂದು ಕಾಯಬೇಡ, ಹೊರಟು ಬಾ.